ನಿಮ್ಮ ಒಲೆ ಕ್ಷೇಮವಾಗಿದೆ

ಮನೆಯಿಂದ, ಒಲೆಯ ಮುಂದಿನ ಸ್ಟೂಲಿನ ಮೇಲೆ ಕುಳಿತು
ಡಿಸೆಂಬರ್ ಹತ್ತು, ಬೆಳಗ್ಗೆ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಕಾಲಿನ ಊತ ಇಳಿಯಿತೇ? ಡಾಕ್ಟರು ಹೇಳಿದ ಹಾಗೆ ದಿಂಬಿಗೆ ಒರಗಿಕೊಂಡು ಮಲಗುತ್ತೀರೋ, ಇಲ್ಲಾ ನರ್ಸು ಬಾಗಿಲು ದಾಟಿದ ಕೂಡಲೇ ದಿಂಬನ್ನು ಕಾಲ ಕೆಳಗೆ ತಳ್ಳುತ್ತೀರೋ? ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಇಳಿಸಬೇಕು. ಪಕ್ಕದ ಹಾಸಿಗೆಯವರ ಹತ್ತಿರ ಉಪ್ಪಿನ ಪೊಟ್ಟಣ ಕೇಳಿದ್ದೂ ನನಗೆ ಗೊತ್ತು. ನಿಮ್ಮ ತಮ್ಮ ನಿಮ್ಮ ಜೊತೆಯಲ್ಲಿ ಇರುವುದು ಬರೀ ಕಾಫಿ ತಂದುಕೊಡುವುದಕ್ಕಲ್ಲ, ನನಗೆ ವರದಿ ಕಳಿಸುವುದಕ್ಕೆ. ಮೈದುನನ ಮೇಲೆ ಸಿಟ್ಟಾಗಬೇಡಿ. ಅವನನ್ನು ನೇಮಿಸಿದವಳು ನಾನೇ.

ನಿಮ್ಮ ಪತ್ರ ತಲುಪಿತು. ನನ್ನ ಬಗ್ಗೆ ಒಂದು ಸಾಲು ಇತ್ತು, 'ನೀನು ಚೆನ್ನಾಗಿದ್ದೀಯ ಎಂದು ತಿಳಿಯುತ್ತೇನೆ' ಎಂದು. ಮಿಕ್ಕಿದ್ದೆಲ್ಲ ಮನೆ ಬೆಚ್ಚಗಿಡುವ ನಿಮ್ಮ ಕಬ್ಬಿಣದ ಒಲೆಯ ಬಗ್ಗೆ. ಅದರ ಬೂದಿ ತೆಗೆದೆಯಾ, ಅದರ ಬಾಗಿಲಿನ ಗಾಜು ಹೇಗಿದೆ, ಬಾಗಿಲನ್ನು ಧಡಾರ್ ಎಂದು ಹಾಕಬೇಡ, ಸೌದೆಯನ್ನು ಒಳಗೆ ಎಸೆಯಬೇಡ, ಒಳಗೋಡೆಯ ಇಟ್ಟಿಗೆಗೆ ತಾಗಿ ಚಕ್ಕೆ ಏಳುತ್ತದೆ. ಓದುತ್ತಾ ಓದುತ್ತಾ ಎಲ್ಲಾದರೂ ಒಂದು ಕಡೆ 'ನೀನೂ ಚಳಿಯಲ್ಲಿ ಹೊರಗೆ ಓಡಾಡಬೇಡ' ಎಂದು ಇರಬಹುದೇನೋ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಪಕ್ಕದ ಮನೆಯಾಕೆ ನಿಮ್ಮ ಒಲೆಯನ್ನು ನನ್ನ ಸವತಿ ಎಂದು ಕರೆಯುವುದರಲ್ಲಿ ತಪ್ಪೇನೂ ಇಲ್ಲ. ಮದುವೆಗೆ ಮೊದಲೇ ಮನೆ ಸೇರಿದವಳು, ಮೈಕಟ್ಟು ಗಟ್ಟಿ, ಮಾತು ಕಡಿಮೆ, ಒಂದು ದಿನವೂ ನಿಮಗೆ ಎದುರಾಡಿದವಳಲ್ಲ. ನಾನು ಯಾವ ಮುಖ ಇಟ್ಟುಕೊಂಡು ಅವಳ ಜೊತೆ ಸ್ಪರ್ಧೆಗೆ ಇಳಿಯಲಿ?

ಆದರೆ ನಿಮ್ಮ ಪತ್ರದ ಜೊತೆಯಲ್ಲೇ ಮೈದುನನ ಚೀಟಿಯೂ ಬಂತು. ಎದೆಯೊಳಗಿನ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಒಂದು ತಿಂಗಳೊಳಗೆ ಆಪರೇಷನ್ ಆಗಬೇಕು, ಅದಕ್ಕಿಂತ ತಡ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ನೀವು 'ಚಳಿಗಾಲ ಕಳೀಲಿ, ಆಮೇಲೆ ನೋಡೋಣ' ಎಂದಿರಂತೆ. ಯಾಕೆ ಎಂದು ಕೇಳಿದ್ದಕ್ಕೆ, 'ಮನೇಲಿ ಒಲೆ ನೋಡ್ಕೊಳ್ಳೋರು ಯಾರೂ ಇಲ್ಲ. ನಮ್ಮವಳ ಕೈಗೆ ಸಿಕ್ಕಿದ್ರೆ ಮೇಲಿನ ಪ್ಲೇಟು ಸೀಳಿ ಹೋಗತ್ತೆ' ಎಂದಿರಂತೆ. ಪಾಪ, ಆ ಡಾಕ್ಟರು ಗಾಬರಿಯಾಗಿ 'ಎದೆ ಒಳಗೆ ನಾವು ಯಾವ ಪ್ಲೇಟೂ ಹಾಕಲ್ಲ ಯಜಮಾನ್ರೇ' ಎಂದು ಸಮಾಧಾನ ಹೇಳಿದರಂತೆ. ಇದನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು, ಕೊನೆಗೆ ಕೆಂಡದಂಥ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀವು ಆಪರೇಷನ್ ಮೇಜಿನ ಮೇಲೆ ಮಲಗಲಾರದೆ ನನ್ನ ಕೈ ಡೊಂಕು ಎನ್ನುತ್ತಿದ್ದೀರಿ. ಸರಿ, ನಿಮ್ಮ ಒಲೆಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ, ಆಮೇಲೆ ಯಾವ ನೆಪ ತೆಗೆಯುತ್ತೀರೋ ನೋಡೋಣ ಎಂದು ಅವತ್ತೇ ಹಟ ತೊಟ್ಟೆ.

ಆ ಒಲೆಯ ಬೆಲೆ ನನಗೆ ಗೊತ್ತಿಲ್ಲವೆಂದಲ್ಲ. ಎರಕದ ಕಾರ್ಖಾನೆಯಲ್ಲಿ ನೀವೇ ಅಚ್ಚು ಮಾಡಿ, ನೀವೇ ಬೀಡು ಕಬ್ಬಿಣ ಸುರಿದು, ತುಂಡು ತುಂಡಾಗಿ ಸೈಕಲ್ಲಿನ ಮೇಲೆ ಮನೆಗೆ ತಂದು ಜೋಡಿಸಿದ್ದು. ಈಗ ಆ ಕಾರ್ಖಾನೆ ಮುಚ್ಚಿದೆ. ಅಚ್ಚುಗಳನ್ನು ಯಾರೋ ನೀರು ಕಾಯಿಸಲು ಉರಿಸಿಬಿಟ್ಟರು. ಒಂದು ಭಾಗ ಹೋದರೆ ಇನ್ನೊಂದು ಸಿಕ್ಕುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದಕ್ಕೇ ನಾನು ದೊಣ್ಣೆಯಾಗಬಾರದು ಎಂದು ನೀವು ಹೇಳಿದ ಹಾಗೆಯೇ ನಡೆದುಕೊಂಡೆ. ಬೆಳಗ್ಗೆ ಎದ್ದು ಚಕ್ಕೆ ಪುರಳೆ ಇಟ್ಟು ಸಣ್ಣ ಉರಿ ಹಚ್ಚಿ, ಕಬ್ಬಿಣಕ್ಕೆ ಮೈ ಬೆಚ್ಚಗಾದ ಮೇಲೆಯೇ ದಪ್ಪ ಸೌದೆ ಇಡುತ್ತಿದ್ದೆ. ತಣ್ಣಗಿರುವ ಬೀಡು ಕಬ್ಬಿಣಕ್ಕೆ ಒಮ್ಮೆಲೇ ಕಾವು ಕೊಟ್ಟರೆ ಬಿರಿಯುತ್ತದೆ ಎಂದು ನೀವು ಸಾವಿರ ಸಲ ಹೇಳಿದ್ದೀರಿ. ನಿದ್ದೆಯಿಂದ ಎದ್ದ ಕೂಡಲೇ ಮಾತಾಡಿಸಿದರೆ ನೀವು ಸಿಡಿಯುವುದಿಲ್ಲವೇ, ಹಾಗೆಯೇ ಇದೂ ಎಂದುಕೊಂಡೆ. ಅಷ್ಟು ಸಲೀಸಾಗಿ ಅರ್ಥವಾಯಿತು.

ಎಲ್ಲವೂ ನೆಟ್ಟಗೆ ನಡೆಯುತ್ತಿತ್ತು, ನಿಮ್ಮ ಅಕ್ಕ ಬರುವವರೆಗೆ. ನನಗೆ ಜೊತೆಯಾಗಲಿ ಎಂದು ಬಂದರು, ಒಳ್ಳೆಯ ಮನಸ್ಸಿನಿಂದಲೇ ಬಂದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಚಳಿ ಎಂದರೆ ಎಂಥದ್ದು! ಒಳಗೆ ಕಾಲಿಟ್ಟವರೇ ಶಾಲು ಸಹ ತೆಗೆಯದೆ ಒಲೆಯ ಬಾಗಿಲು ತೆರೆದರು. ಕತ್ತಿನವರೆಗೆ ಸೌದೆ ತುರುಕಿದರು, ಗಾಳಿ ಕಿಂಡಿಗಳನ್ನು ಪೂರ್ತಿ ಎಳೆದು ತೆರೆದರು, ಕೆಳಗಿನ ಬೂದಿ ಬಾಗಿಲನ್ನೂ ತೆರೆದಿಟ್ಟು ಕೈ ಚಾಚಿ ಕುಳಿತರು. ನಾನು ಹಿತ್ತಲಿನಿಂದ ಬರುವ ಹೊತ್ತಿಗೆ ಒಲೆ ಗುಡುಗುತ್ತಿತ್ತು, ಹೊಗೆ ಕೊಳವೆಯ ಬುಡ ಕೆಂಪಗಾಗುತ್ತಿತ್ತು. 'ಅತ್ತಿಗೆ, ಕೆಂಪಗಾಗ್ತಿದೆ!' ಎಂದು ಕೂಗಿಕೊಂಡೆ. ಅವರು ತಣ್ಣಗೆ 'ಬೆಂಕಿ ಅಂದ್ಮೇಲೆ ಕೆಂಪಗಾಗ್ದೆ ಹಸಿರಾಗತ್ತೇನೇ?' ಎಂದರು. ಒಲೆ ಇಷ್ಟು ಕೆಂಪಾದರೆ ಉರಿಯ ಕೆಳಗಿನ ಜಾಲರಿ ಬಾಗುತ್ತದೆ, ಉರಿಯ ನೆತ್ತಿಗೆ ಅಡ್ಡ ಕೂತಿರುವ ಪ್ಲೇಟು ಸೊಟ್ಟಗಾಗುತ್ತದೆ ಎಂದು ಎಷ್ಟು ಹೇಳಿದರೂ 'ನಮ್ ತಮ್ಮ ಮಾಡಿದ್ದು, ಅಷ್ಟು ಸುಲಭಕ್ಕೆ ಹೋಗಲ್ಲ' ಎಂಬ ಒಂದೇ ಮಾತು. ಕಿಂಡಿ ಮುಚ್ಚುವುದು ನಾನು, ತೆರೆಯುವುದು ಅವರು. ಒಂದು ವಾರ ನಮ್ಮಿಬ್ಬರದ್ದೂ ಅದೇ ಕೆಲಸ.

ಬೂದಿಯದ್ದು ಇನ್ನೊಂದು ಕಥೆ. ನಿಮ್ಮ ಅಕ್ಕನಿಗೆ ಬೂದಿ ಎಂದರೆ ಆಸ್ತಿ. ಪಾತ್ರೆ ತಿಕ್ಕುವುದಕ್ಕೆ ಬೇಕು, ಗಿಡದ ಬುಡಕ್ಕೆ ಬೇಕು, ಮೆಟ್ಟಿಲು ಜಾರದ ಹಾಗೆ ಉದುರಿಸುವುದಕ್ಕೆ ಬೇಕು. ಅದನ್ನು ಕೂಡಿಡುವುದು ಎಲ್ಲಿ? ಒಲೆಯ ಕೆಳಗಿನ ತಟ್ಟೆಯಲ್ಲೇ! ಒಂದು ಬೆಳಗ್ಗೆ ನೋಡಿದರೆ ಬೂದಿ ತುಂಬಿ ಜಾಲರಿಯ ಹೊಟ್ಟೆಗೆ ತಾಗುತ್ತಿದೆ. ಕೆಳಗಿನಿಂದ ಗಾಳಿ ಆಡದಿದ್ದರೆ ಜಾಲರಿ ತಣ್ಣಗಾಗುವುದು ಹೇಗೆ? ಮೇಲೂ ಬೆಂಕಿ, ಕೆಳಗೂ ಬಿಸಿ ಬೂದಿ. ನಡುವೆ ಸಿಕ್ಕಿಕೊಂಡು ಸರಳುಗಳೇ ಕರಗಿ ಜೋತುಬೀಳುತ್ತವೆ ಎಂದು ನೀವು ಹೇಳಿದ್ದು ಜ್ಞಾಪಕಕ್ಕೆ ಬಂತು. ಅವರು ಸ್ನಾನಕ್ಕೆ ಹೋದ ಸಮಯ ನೋಡಿ ಕಳ್ಳಿಯ ಹಾಗೆ ಬೂದಿಯನ್ನು ತಗಡಿನ ಡಬ್ಬಕ್ಕೆ ಸುರಿದು ಹಿತ್ತಲಿನಲ್ಲಿ ಅಡಗಿಸಿಟ್ಟೆ. ಹೊರಗೆ ಬಂದವರು 'ನನ್ನ ಬೂದಿ ಎಲ್ಲಿ?' ಎಂದು ಮನೆಯೆಲ್ಲ ಹುಡುಕಿದರು. ಒಡವೆ ಕಳೆದವರೂ ಅಷ್ಟು ಹುಡುಕುವುದಿಲ್ಲ. ಸರಳು ನೆಟ್ಟಗಿವೆ, ಒಂದೂ ಬಾಗಿಲ್ಲ, ಹೆದರಬೇಡಿ.

ಇನ್ನು ಗಾಜು. ಹೊಗೆ ಹಿಡಿದು ಕಪ್ಪಾಗಿದ್ದು ಅವರ ಕಣ್ಣಿಗೆ ಬಿತ್ತು. ಒಲೆ ಧಗಧಗ ಉರಿಯುತ್ತಿರುವಾಗಲೇ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ನೀರು ಸೋರಿಸಿಕೊಂಡು, ಸೆರಗು ಸಿಕ್ಕಿಸಿ ಹೊರಟರು. ಕಾದ ಗಾಜಿಗೆ ಒದ್ದೆ ಬಟ್ಟೆ! ನಾನು ಅಡುಗೆಮನೆಯಿಂದ ಹೇಗೆ ಹಾರಿ ಬಂದೆನೋ ನನಗೇ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಈ ಮೊಣಕಾಲು ಇಟ್ಟುಕೊಂಡು ಹಾರಿದೆ ಎಂದರೆ ನೀವು ನಂಬುವುದಿಲ್ಲ. ಬಟ್ಟೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎಳೆದಾಟದಲ್ಲಿ ಬಕೆಟ್ಟು ಉರುಳಿ ಇಡೀ ನೀರು ಅವರ ಮೈಮೇಲೆ. ಗಾಜು ಉಳಿಯಿತು, ನಿಮ್ಮ ಅಕ್ಕ ತೊಯ್ದರು. ಆ ದಿನವಿಡೀ ಅವರು ಬೂದಿ ಮುಚ್ಚಿದ ಕೆಂಡ. ನನಗೆ ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು. ಸಾಯಂಕಾಲ ನಾನೇ ಬಿಸಿ ಚಹಾ ಕೊಟ್ಟು, ಯಾಕೆ ಅತ್ತಿಗೆ ಇಷ್ಟೊಂದು ಸೌದೆ ಒಟ್ಟುತ್ತೀರಿ ಎಂದು ಕೇಳಿದೆ. ಲೋಟದೊಳಗೆ ನೋಡುತ್ತಾ 'ಅವ್ನಿಲ್ದೆ ಈ ಮನೆ ಬೆಚ್ಚಗೇ ಆಗಲ್ಲ ಕಣೇ, ಎಷ್ಟ್ ಹಾಕಿದ್ರೂ' ಎಂದರು. ಆಮೇಲೆ ನಾನು ಅವರನ್ನು ಬೈಯಲಿಲ್ಲ. ಕಿಂಡಿಯನ್ನು ಮಾತ್ರ ಮುಚ್ಚಿದೆ.

ಸೌದೆ ಕಡಿಮೆಯಾಯಿತೆಂದು ತಿಳಿದು ನಿಮ್ಮ ಗೆಳೆಯ ಬಡಗಿ ಒಂದು ಮೂಟೆ ತುಂಡು ಮರ ತಂದು ಸುರಿದ. 'ಅಕ್ಕಾ, ಕಟಕಟ ಒಣಗಿದೆ, ಪುಕ್ಕಟೆ' ಎಂದ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂದು ನಿಮ್ಮ ಅಕ್ಕ ಇನ್ನೊಂದು ಮೂಟೆಗೂ ಹೇಳಿಬಿಟ್ಟರು. ಅರ್ಧಕ್ಕರ್ಧ ಹಳೆಯ ಬಾಗಿಲು, ಕಪಾಟು. ಒಂದಕ್ಕೆ ಬಣ್ಣ, ಒಂದಕ್ಕೆ ವಾರ್ನಿಷು, ಒಂದರಲ್ಲಿ ಬೀಗದ ಕೊಂಡಿಯೇ ಇತ್ತು. ನಾನು ಆರಿಸಿ ಬೇರೆ ಮಾಡುವುದರೊಳಗೆ ಅವರು ಒಂದು ಕಪಾಟಿನ ಬಾಗಿಲನ್ನು ಒಳಗೆ ಹಾಕಿ ಆಗಿತ್ತು. ಅಬ್ಬಾ, ಆ ವಾಸನೆ! ಉರಿ ನೀಲಿ ಬಣ್ಣಕ್ಕೆ ತಿರುಗಿತು, ಹೊಗೆ ಮೇಲೆ ಹೋಗದೆ ಮನೆಯೊಳಗೇ ಸುತ್ತಿತು, ಬೆಕ್ಕು ಮನೆ ಬಿಟ್ಟು ಹೋಯಿತು. ಕಿಟಕಿಯೆಲ್ಲ ತೆರೆದಿಟ್ಟು ಚಳಿಯಲ್ಲಿ ಇಬ್ಬರೂ ಕೆಮ್ಮುತ್ತಾ ಕುಳಿತೆವು. 'ಅವನು ಬಡಗಿ ಅಲ್ಲ, ಬಡಿಗೆ ತಗೊಂಡು ಬಡೀಬೇಕು ಅವನಿಗೆ' ಎಂದು ನಿಮ್ಮ ಅಕ್ಕ ಕೂಗಾಡಿದರು. ಒಳಗೆ ಹಾಕಿದವರು ಯಾರು ಎಂದು ನಾನು ಕೇಳಲು ಹೋಗಲಿಲ್ಲ.

ಮಾರನೆಯ ದಿನ ಒಲೆ ಹಚ್ಚಿದರೆ ಮತ್ತೆ ಹೊಗೆ. ಮೇಲೆಲ್ಲೋ ಮಸಿ ಕಟ್ಟಿಕೊಂಡಿದೆ ಎಂದು ಗೊತ್ತಾಯಿತು. ತಣ್ಣಗಾಗುವವರೆಗೆ ಕಾದೆ. ಗಾಳಿ ನುಗ್ಗದ ಹಾಗೆ ಬಾಗಿಲಿನ ಅಂಚಿಗೆ ಅಂಟಿಸಿರುವ, ಬೆಂಕಿ ತಾಳುವ ಹಗ್ಗವನ್ನು ಮೊದಲು ನೋಡೋಣ ಎಂದು ನೀವು ಮಾಡುವ ಹಾಗೆ ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದೆ. ಮೂರು ಕಡೆ ಕಾಗದ ಬಿಗಿಯಾಗಿ ನಿಂತಿತು. ಚಿಲಕದ ಕಡೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು. ಹಗ್ಗ ಸವೆದು ಬೋಳಾಗಿದೆ, ಅಲ್ಲಿಂದ ಗಾಳಿ ನುಗ್ಗಿ ಉರಿ ಹದ ತಪ್ಪುತ್ತಿದೆ. ಇದು ನಿಮ್ಮ ಅಕ್ಕನ ಕೆಲಸವಲ್ಲ, ನನ್ನದೂ ಅಲ್ಲ. ಎರಡು ಚಳಿಗಾಲದ ಸವೆತ ಅದು. ದೀಪದ ಬುಡದಲ್ಲೇ ಕತ್ತಲೆ. ಕಪಾಟಿನಲ್ಲಿ ನೀವು ತಂದಿಟ್ಟಿದ್ದ ಹೊಸ ಹಗ್ಗ ಇತ್ತು. ಹಳೆಯದನ್ನು ಕಿತ್ತು, ತುಕ್ಕು ಕೆರೆದು, ಹೊಸದನ್ನು ಅಂಟಿಸಿ ಕೂರಿಸಿದೆ. ಈಗ ಕಾಗದ ಹರಿದರೂ ಬಾಗಿಲು ಬಿಡುವುದಿಲ್ಲ. ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಡಾಕ್ಟರು ಹೇಳಿದ್ದು ಏನೆಂದು ನನಗೆ ಪೂರ್ತಿ ಅರ್ಥವಾದದ್ದು ಆ ಕಾಗದ ಎಳೆದಾಗಲೇ. ಹಗ್ಗ ಬದಲಾಯಿಸುವಾಗ ಒಲೆ ನನ್ನ ಹತ್ತಿರ ಚಳಿಗಾಲ ಕಳೆಯಲಿ ಎನ್ನಲಿಲ್ಲ.

ಆಮೇಲೆ ಮೇಲಿನ ಪ್ಲೇಟು. ಹೌದು, ತೆಗೆದೆ. 'ಪ್ರಾಣ ಹೋದರೂ ಮೇಲಿನ ಪ್ಲೇಟು ತೆಗೆಯಬೇಡ' ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೀರಿ. ಆದರೆ ಮಸಿ ಕೂರುವುದೇ ಅದರ ಬೆನ್ನಿನ ಮೇಲೆ. ತೆಗೆಯದೆ ಗುಡಿಸುವುದು ಹೇಗೆ? ಕೈ ಒಳಗೆ ಹಾಕಿ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಮೆಲ್ಲಗೆ ಎತ್ತಿ, ಓರೆ ಮಾಡಿ ಹೊರಗೆ ತಂದು ಹಳೆಯ ಕಂಬಳಿಯ ಮೇಲೆ ಮಲಗಿಸಿದೆ. ಬ್ರಷ್ಷಿನಿಂದ ಮಸಿ ಗುಡಿಸಿದೆ. ಬೆನ್ನಿನ ಮೇಲೆ ಏನು ಕಂಡಿತು ಗೊತ್ತೇ? ನಿಮಗೆ ಗೊತ್ತೇ ಇದೆ. ಅಂಚಿನಿಂದ ಅಂಚಿಗೆ ಒಂದು ಬಿರುಕು. ಹೊಸದಲ್ಲ, ಹಳೆಯದು. ಅದರ ಉದ್ದಕ್ಕೂ ಕುಲುಮೆ ಮಣ್ಣು ಮೆತ್ತಿ ತೇಪೆ ಹಾಕಲಾಗಿದೆ. ತೇಪೆಯ ಮೇಲೆ ಸಾಲಾಗಿ ಹೆಬ್ಬೆರಳಿನ ಗುರುತು, ಉಗುರಿನ ಅಚ್ಚಿನ ಸಮೇತ. ಉಗುರು ಎರಡಾಗಿ ಸೀಳಿರುವ ಹೆಬ್ಬೆರಳು ಈ ಬೀದಿಯಲ್ಲಿ ಇನ್ನು ಯಾರಿಗಿದೆ? ಅಲ್ಲಾ ರೀ, ನಾನು ಮುಟ್ಟಿದರೆ ಸೀಳಿ ಹೋಗುತ್ತದೆ ಎಂದು ಡಾಕ್ಟರ ಮುಂದೆ ನನ್ನ ಮಾನ ಕಳೆದಿರಲ್ಲ, ಆ ಪ್ಲೇಟು ನಿಮ್ಮ ಕೈಯಲ್ಲೇ ಯಾವತ್ತೋ ಸೀಳಿ ಹೋಗಿದೆ!

ನನಗಾದ ಸಂತೋಷ ಹೇಳಲಾರೆ. ಇಷ್ಟು ವರ್ಷಕ್ಕೆ ಸಿಕ್ಕಿಬಿದ್ದರು ಎಂದು ನಿಮ್ಮ ಅಕ್ಕನನ್ನು ಕರೆದು ತೋರಿಸಿದೆ, ಪಕ್ಕದ ಮನೆಯಾಕೆಯನ್ನು ಕರೆದು ತೋರಿಸಿದೆ. ಹೊಗೆಯ ವಿಷಯಕ್ಕೆ ಕ್ಷಮೆ ಕೇಳಲು ಬಂದ ಬಡಗಿಗೂ ತೋರಿಸಿದೆ. ಅವನು ಮಾತ್ರ ನಗಲಿಲ್ಲ. 'ಅಕ್ಕಾ, ನನ್ನನ್ನ ಏನೂ ಕೇಳ್ಬೇಡಿ, ಅವನು ಆಣೆ ಹಾಕಿಸ್ಕೊಂಡಿದಾನೆ' ಎಂದ. ಆಣೆ ಎಂದ ಮೇಲೆ ಬಿಡುವುದುಂಟೇ? ಒಂದು ಲೋಟ ಚಹಾಕ್ಕೆ ಎಲ್ಲ ಹೇಳಿದ. ನಾನು ಜ್ವರ ಬಂದು ಎಚ್ಚರವಿಲ್ಲದೆ ಮಲಗಿದ್ದೆನಲ್ಲ, ಆ ಚಳಿಗಾಲ. ಅವನು ನನ್ನನ್ನು ನೋಡಲು ಬಂದಾಗ ನೀವು ಒಲೆಯ ಮುಂದೆ ಕುಳಿತು ಸೌದೆಯ ಮೇಲೆ ಸೌದೆ ಒಟ್ಟುತ್ತಿದ್ದಿರಂತೆ. ಪ್ಲೇಟು ಕೆಂಡದ ಹಾಗೆ ಹೊಳೆಯುತ್ತಿತ್ತಂತೆ. 'ಲೋ, ಒಡೆದು ಹೋಗತ್ತೆ ಕಣೋ' ಎಂದು ಅವನು ಹೇಳಿದರೆ, 'ಹೋದ್ರೆ ಹೋಗ್ಲಿ, ಅವಳು ನಡುಗ್ತಿದಾಳೆ' ಎಂದಿರಂತೆ. ಅವನೆದುರಿಗೇ ಟಣ್ ಎಂದು ಸದ್ದಾಯಿತಂತೆ.

ನನಗೆ ಎಚ್ಚರ ಬಂದಾಗ ಮನೆ ಯಾಕೆ ಇಷ್ಟು ಬೆಚ್ಚಗಿದೆ ಎಂದು ಕೇಳಿದ್ದೆ. ಬಿಸಿಲು ಚೆನ್ನಾಗಿತ್ತು ಎಂದಿದ್ದಿರಿ. ಅದಕ್ಕೆ ಮೊದಲು ದಿನಾ ಬೆಳಗ್ಗೆ ಒಲೆ ಹಚ್ಚುತ್ತಿದ್ದವಳು ನಾನೇ ಎನ್ನುವುದು ನೆನಪಿದೆಯೇ? ನಾನು ಎದ್ದು ಓಡಾಡುವ ಹೊತ್ತಿಗೆ ಒಲೆ ನಿಮ್ಮ ವಶವಾಗಿತ್ತು. ಅದನ್ನು ಮುಟ್ಟಬೇಡ, ಇದನ್ನು ತೆಗೆಯಬೇಡ. ನಾನು ಬಿರುಕನ್ನು ನೋಡಿಬಿಟ್ಟೇನು, ನನ್ನಿಂದಾಗಿ ಒಡೆಯಿತಲ್ಲ ಎಂದು ನೊಂದೇನು ಎಂದು ಅಷ್ಟೂ ನಿಯಮ ಮಾಡಿದಿರಿ. ಸವತಿ ಸವತಿ ಎಂದು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆನಲ್ಲ, ಅವಳು ಮೈ ಬಿರಿದುಕೊಂಡಿದ್ದು ನನಗೋಸ್ಕರ. ಬಡಗಿ ಹೋದ ಮೇಲೆ ಆ ಪ್ಲೇಟಿನ ಪಕ್ಕದಲ್ಲಿ ಕುಳಿತು ಚೆನ್ನಾಗಿ ಅತ್ತೆ ರೀ. ನಿಮ್ಮ ಅಕ್ಕ ನನ್ನ ಬೆನ್ನು ಸವರುತ್ತಾ ತಾವೂ ಅತ್ತರು. ಇಬ್ಬರ ಮುಖಕ್ಕೂ ಮಸಿ ಮೆತ್ತಿಕೊಂಡಿತ್ತು. ಪಕ್ಕದ ಮನೆಯಾಕೆ ಇಣುಕಿ ನೋಡಿ ಹೆದರಿ ಹೋದಳು.

ಆದರೆ ಒಂದು ಮಾತು ಹೇಳಲೇಬೇಕು. ಒಳಗೆ ಬಿರುಕು ಬಿಟ್ಟಿರುವುದನ್ನು ಮಣ್ಣು ಮೆತ್ತಿ ಮುಚ್ಚಿಡುವುದು ನಿಮ್ಮ ಹಳೆಯ ಚಾಳಿ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಪಕ್ಕದವರ ಬೇಲಿಯನ್ನು ಹೊಗಳುತ್ತಿದ್ದಿರಿ. ಆ ಬೇಲಿಯಲ್ಲಿ ಹೊಗಳುವಂಥದ್ದು ಏನೂ ಇಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತು, ಉಸಿರು ಸಾಲದೆ ನಿಲ್ಲುತ್ತಿದ್ದೀರಿ ಎನ್ನುವುದು ಮಾತ್ರ ಹೊಳೆಯಲಿಲ್ಲ. ಒಲೆಗಾದರೆ ತೇಪೆ ನಡೆಯುತ್ತದೆ, ಎದೆಗೆ ನಡೆಯುವುದಿಲ್ಲ. ಪ್ಲೇಟಿಗೆ ನಾನೇ ಮತ್ತೆ ಮಣ್ಣು ಕಲಸಿ, ಉದುರಿದ ಕಡೆ ಮೆತ್ತಿದ್ದೇನೆ. ನಿಮ್ಮ ಬೆರಳ ಗುರುತನ್ನು ಮುಚ್ಚಿಲ್ಲ, ಪಕ್ಕದಲ್ಲಿ ನನ್ನದನ್ನು ಒತ್ತಿದ್ದೇನೆ.

ಇಲ್ಲಿ ಮಿಕ್ಕೆಲ್ಲ ಕ್ಷೇಮ. ಬೆಕ್ಕು ವಾಪಸು ಬಂದಿದೆ. ನಿಮ್ಮ ಅಕ್ಕ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬೈಗುಳವನ್ನೂ ಹೇಳಿದ್ದಾರೆ, ಅದನ್ನು ಬರೆಯುವುದು ಬೇಡ. ಮೈದುನನಿಗೆ ಸರಿಯಾಗಿ ಊಟ ಮಾಡಲು ಹೇಳಿ. ಆ ಡಾಕ್ಟರಿಗೆ ನನ್ನ ನಮಸ್ಕಾರ ಹೇಳಿ, ಮೇಲಿನ ಪ್ಲೇಟು ಎಂದರೆ ಏನೆಂದು ಬಿಡಿಸಿ ಹೇಳಿ, ಪಾಪ ಇನ್ನೂ ಯೋಚನೆಯಲ್ಲಿದ್ದಾರು.

ಇಂತಿ,
ಇಷ್ಟು ವರ್ಷ ನಿಮ್ಮ ಬಿಸಿಲನ್ನು ನಂಬಿಕೊಂಡಿದ್ದ
ನಿಮ್ಮವಳು

ಮರೆತಿದ್ದೆ: ಬಡಗಿ ಮರ ತರಲು ಪೇಟೆಗೆ ಹೊರಟಿದ್ದಾನೆ, ಇದನ್ನು ಆಸ್ಪತ್ರೆಗೆ ತಲುಪಿಸಲು ಅವನ ಕೈಯಲ್ಲೇ ಕೊಡುತ್ತಿದ್ದೇನೆ, ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಇಷ್ಟುದ್ದ ಬರೆದದ್ದೆಲ್ಲ ಇದನ್ನು ಹೇಳುವುದಕ್ಕೆ ಧೈರ್ಯ ಬರಲಿ ಎಂದು. ಒಲೆ ಆರಿಸಿದ್ದೇನೆ. ನಿನ್ನೆಯೇ ಉರಿ ಇಳಿಸಿ, ತಾನಾಗಿ ತಣ್ಣಗಾಗಲು ಬಿಟ್ಟು, ಬೂದಿ ತೆಗೆದು, ಬಾಗಿಲಿನ ಕೀಲಿಗೆ ಎಣ್ಣೆ ಹಾಕಿ, ಕಂಬಳಿ ಹೊದಿಸಿದ್ದೇನೆ. ಉರಿಯದ ಒಲೆಯಲ್ಲಿ ಯಾವ ಭಾಗವೂ ಸೀಳುವುದಿಲ್ಲ, ಬಾಗುವುದಿಲ್ಲ, ಇನ್ನು ಯಾರೂ ಅದನ್ನು ನೋಡಿಕೊಳ್ಳುವುದು ಬೇಕಿಲ್ಲ. ನಾಳೆ ಬೆಳಗ್ಗೆಯ ಬಸ್ಸಿಗೆ ನಾನೂ ನಿಮ್ಮ ಅಕ್ಕನೂ ಹೊರಡುತ್ತೇವೆ. ನಾವು ಬರುವುದರೊಳಗೆ ಡಾಕ್ಟರಿಗೆ ಹೂಂ ಎಂದಿರಿ. ಹೆದರಿಕೆ ಆಗುತ್ತಿದ್ದರೆ ಒಲೆಯ ಹೆಸರು ಹೇಳಬೇಡಿ, ಹೆದರಿಕೆ ಎಂದೇ ಹೇಳಿ. ನನಗೂ ತುಂಬಾ ಹೆದರಿಕೆ ಇದೆ ರೀ. ಅದಕ್ಕೇ ಬರುತ್ತಿದ್ದೇನೆ.